ಹೆಂಗಸರ ವಿಭಾಗ ಮೇಲಿನ ಮಹಡಿಯಲ್ಲಿ: ಮಂಗಳೂರಿನ ಒಂದು ವ್ಯಸನಮುಕ್ತಿ ಕೇಂದ್ರದ ವಿಮರ್ಶೆ

ಮಂಗಳೂರಿನ ಹೊರವಲಯದಲ್ಲಿರುವ ಈ ಖಾಸಗಿ ವ್ಯಸನಮುಕ್ತಿ ಕೇಂದ್ರದಲ್ಲಿ ಹೆಂಗಸರಿಗೆ ಪ್ರತ್ಯೇಕ ವಿಭಾಗವಿದೆ ಎಂಬ ಕಾರಣಕ್ಕೇ ಅನೇಕರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ನಾವೂ ಹಾಗೆ ಹೋದವರು. ದಾಖಲಾತಿಯ ಸಂದರ್ಶನ ಮತ್ತು ಮೊದಲ ಕೆಲವು ವಾರಗಳ ಆರೈಕೆಯ ಮಟ್ಟಿಗೆ ಇದು ಒಳ್ಳೆಯ ಕೇಂದ್ರ. ಅದಾದ ಮೇಲಿನ ವ್ಯವಸ್ಥೆಯೆಲ್ಲ ಕುಡಿತ ಬಿಡಿಸಲೆಂದು ಮನೆಯವರು ಕರೆತಂದು ಸೇರಿಸಿದ ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದು. ಹೆಂಗಸರಿಗೆ ಅದನ್ನೇ ಒಂದಿಷ್ಟು ಮೊಟಕು ಮಾಡಿ ಕೊಡುತ್ತಾರೆ. ಕೇಂದ್ರದ ಹೆಸರನ್ನು ನಾನು ಬರೆಯುತ್ತಿಲ್ಲ. ಹೆಂಗಸರ ಹಾಸಿಗೆಗಳು ಬೆರಳೆಣಿಕೆಯಷ್ಟಿರುವ ಕಡೆ, ಹೆಸರು ಹೊರಬಿದ್ದರೆ ಅಲ್ಲಿ ಇದ್ದವರು ಯಾರೆಂದು ಊರಿಗೆ ತಿಳಿಯಲು ಹೊತ್ತು ಬೇಕಾಗಿಲ್ಲ. ಸೇರಿದ್ದವಳು ನನ್ನ ಚಿಕ್ಕಮ್ಮನ ಮಗಳು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಓದಿ ನೋಡಿ ಕೆಲವು ಸಾಲುಗಳನ್ನು ತೆಗೆಸಿದ್ದಾಳೆ ಕೂಡ.

ಅವಳ ಚಟ ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಕಾಣುವಂಥದ್ದಲ್ಲ. ಲಂಡನ್ನಿನಲ್ಲಿದ್ದಾಗ ಕೊಕೇನ್ ಪುಡಿಯಿಂದ ಶುರುವಾಗಿ ಕ್ರ್ಯಾಕ್‌ಗೆ ಬಂದು ನಿಂತದ್ದು. ಕೊಕೇನನ್ನು ಅಡುಗೆ ಸೋಡಾ ಮತ್ತು ನೀರಿನೊಂದಿಗೆ ಕಾಯಿಸಿ ಹರಳು ಮಾಡಿ, ಆ ಹರಳನ್ನು ಸುಟ್ಟು ಹೊಗೆ ಎಳೆಯುವುದು ಕ್ರ್ಯಾಕ್‌ನ ಬಳಕೆ. ಮೂಗಿನಿಂದ ಸೇದಿದ ಪುಡಿ ನಿಧಾನವಾಗಿ ರಕ್ತಕ್ಕೆ ಸೇರಿದರೆ, ಶ್ವಾಸಕೋಶದ ಮೂಲಕ ಹೋದ ಹೊಗೆ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಅಮಲು ಐದು ಹತ್ತು ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಇಳಿದೊಡನೆ ಮತ್ತೆ ಬೇಕೆನಿಸುತ್ತದೆ. 1980ರ ದಶಕದಲ್ಲಿ ಅಮೆರಿಕದ ನಗರಗಳಲ್ಲಿ ಹಬ್ಬಿದ ಇದು ಆಮೇಲೆ ಬ್ರಿಟನ್, ಬ್ರೆಜಿಲ್‌ಗಳಲ್ಲೂ ಬೇರೂರಿತು. ಭಾರತದಲ್ಲಿ ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಮಾದಕ ವಸ್ತು ಬಳಕೆಯ ಸಮೀಕ್ಷೆಯ ಪ್ರಕಾರ ಎಲ್ಲ ಬಗೆಯ ಕೊಕೇನ್ ಬಳಸುವವರು ಜನಸಂಖ್ಯೆಯ ಶೇಕಡ 0.1ರಷ್ಟು ಮಾತ್ರ. ಮದ್ಯ, ಗಾಂಜಾ ಮತ್ತು ಈಚೆಗೆ ಎಂಡಿಎಂಎ ಎಂಬ ಕೃತಕ ಮಾದಕದ ಪ್ರಕರಣಗಳನ್ನೇ ನೋಡುವ ನಮ್ಮ ಜಿಲ್ಲೆಯ ಕೇಂದ್ರವೊಂದಕ್ಕೆ ಕ್ರ್ಯಾಕ್ ಬಿಡಬೇಕಾದ ಹೆಂಗಸಿನ ವಿಷಯದಲ್ಲಿ ಏನು ಗೊತ್ತಿರುತ್ತದೆ ಎಂಬ ಅನುಮಾನ ಇಟ್ಟುಕೊಂಡೇ ನಾನು ಹೋಗಿದ್ದೆ.

ಆ ಅನುಮಾನಕ್ಕೆ ಆಧಾರವಿತ್ತು. ಕೊಕೇನ್ ಬಳಸುವ ಹೆಂಗಸರ ಸಂಖ್ಯೆ ಸಾಮಾನ್ಯವಾಗಿ ಗಂಡಸರಿಗಿಂತ ಕಡಿಮೆ. ಆದರೆ ಬಳಸತೊಡಗಿದವರಲ್ಲಿ ಮೊದಲ ಸೇವನೆಯಿಂದ ಅವಲಂಬನೆಯವರೆಗಿನ ದಾರಿ ಗಂಡಸರಿಗಿಂತ ಬೇಗ ಸವೆಯುತ್ತದೆ ಎಂಬುದನ್ನು ಚಿಕಿತ್ಸೆಗೆ ಬಂದವರ ಮೇಲೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಇದಕ್ಕೆ ದೇಹದೊಳಗಿನ ಕಾರಣವೂ ಇದೆ. ಎಸ್ಟ್ರಡಯಾಲ್ ಎಂಬ ಹಾರ್ಮೋನು ಮೆದುಳಿನಲ್ಲಿ ಹಿತಾನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕದ ಬಿಡುಗಡೆಯನ್ನು ಹೆಚ್ಚಿಸುತ್ತದೆ, ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಕೊಕೇನಿನ ಅಮಲನ್ನು ತಗ್ಗಿಸುತ್ತದೆ; ಆದ್ದರಿಂದ ಮುಟ್ಟಿನ ಚಕ್ರದ ಮೊದಲರ್ಧದಲ್ಲಿ ಕೊಕೇನಿನ ಹಿತಾನುಭವ ಹೆಚ್ಚು, ಪ್ರೊಜೆಸ್ಟರಾನ್ ಏರುವ ಎರಡನೆಯರ್ಧದಲ್ಲಿ ಕಡಿಮೆ ಎಂದು ಕಂಡುಬಂದಿದೆ. ಪ್ರಯೋಗಾಲಯದ ಹೆಣ್ಣಿಲಿಗಳು ಗಂಡಿಲಿಗಳಿಗಿಂತ ಬೇಗನೆ ಕೊಕೇನನ್ನು ತಾವಾಗಿಯೇ ತೆಗೆದುಕೊಳ್ಳಲು ಕಲಿಯುತ್ತವೆ. ಇಲಿಗಳಿಗೆ ಸಂಸಾರದ ತಾಪತ್ರಯವಿಲ್ಲ. ಹೀಗಾಗಿ ಎಲ್ಲವನ್ನೂ ಸಮಾಜದ ತಲೆಗೆ ಕಟ್ಟಲು ಬರುವುದಿಲ್ಲ. ಹಾಗೆಂದು ಎಲ್ಲವನ್ನೂ ಹಾರ್ಮೋನಿಗೆ ಕಟ್ಟುವುದೂ ಸರಿಯಲ್ಲ. ಮದ್ಯದ ವಿಷಯದಲ್ಲಿ, ಚಿಕಿತ್ಸೆಗೆ ಬಂದವರಲ್ಲಿ ಎದ್ದು ಕಂಡ ಈ ವೇಗದ ವ್ಯತ್ಯಾಸ ಸಾಮಾನ್ಯ ಜನರ ನಡುವೆ ನಡೆದ ದೊಡ್ಡ ಸಮೀಕ್ಷೆಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಚಿಕಿತ್ಸೆಯ ಬಾಗಿಲವರೆಗೆ ಬರುವಷ್ಟರಲ್ಲಿ ಹೆಂಗಸಿನ ಸ್ಥಿತಿ ಅಷ್ಟು ಕೆಟ್ಟಿರುತ್ತದೆ ಎಂಬುದೂ ಅದಕ್ಕೆ ಒಂದು ಕಾರಣವಿರಬಹುದೆಂದು ನನಗನ್ನಿಸುತ್ತದೆ.

ಬ್ರೆಜಿಲ್‌ನಲ್ಲಿ 2013ರಲ್ಲಿ ಪ್ರಕಟವಾದ ಕ್ರ್ಯಾಕ್ ಬಳಕೆದಾರರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೆಂಗಸರು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ಆದರೆ ಜೀವನದಲ್ಲಿ ಒಮ್ಮೆಯಾದರೂ ಲೈಂಗಿಕ ಹಿಂಸೆಗೆ ಒಳಗಾಗಿದ್ದೇವೆ ಎಂದವರು ಹೆಂಗಸರಲ್ಲಿ ಶೇಕಡ 44ರಷ್ಟಿದ್ದರು, ಗಂಡಸರಲ್ಲಿ ಶೇಕಡ 7ರಷ್ಟು. ಗಂಡಸರ ಕಷ್ಟ ಪೊಲೀಸು, ಕೋರ್ಟು, ಜೈಲುಗಳ ಕಡೆಗೆ ಹರಿದರೆ ಹೆಂಗಸರದ್ದು ಖಿನ್ನತೆ, ಹಳೆಯ ಆಘಾತ, ಮಕ್ಕಳು, ದುಡಿಮೆಯಿಲ್ಲದ ಕೈ ಇವುಗಳ ಕಡೆಗೆ ಹರಿಯುತ್ತದೆ. ಆದ್ದರಿಂದ ಎಷ್ಟು ಸೇದುತ್ತಿದ್ದರು, ಎಷ್ಟು ವರ್ಷ ಎಂಬ ಎರಡೇ ಪ್ರಶ್ನೆ ಕೇಳಿ ತೀವ್ರತೆಯನ್ನು ಅಳೆಯುವ ಕೇಂದ್ರಕ್ಕೆ ಹೆಂಗಸಿನ ಕಾಯಿಲೆ ಹಗುರವಾಗಿಯೇ ಕಾಣುತ್ತದೆ.

ಈ ಕೇಂದ್ರ ಅಷ್ಟಕ್ಕೆ ನಿಲ್ಲಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ದಾಖಲಾತಿಗೆ ಅವರು ಬಳಸಿದ್ದು ವ್ಯಸನ ತೀವ್ರತಾ ಸೂಚ್ಯಂಕ ಎಂಬ ಪ್ರಶ್ನಾವಳಿಯ ಮಾದರಿ. ಅಮೆರಿಕದ ಥಾಮಸ್ ಮೆಕ್‌ಲೆಲನ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಇದು ದೇಹಾರೋಗ್ಯ, ದುಡಿಮೆ, ಮದ್ಯ, ಮಾದಕ ವಸ್ತು, ಕಾನೂನಿನ ತೊಡಕು, ಕುಟುಂಬ, ಮಾನಸಿಕ ಸ್ಥಿತಿ ಎಂಬ ಏಳು ಕಡೆಗಳಿಂದ ಒಬ್ಬರ ಕಷ್ಟವನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಇದನ್ನು ಮೊದಲು ಒರೆಗೆ ಹಚ್ಚಿದ್ದು ಗಂಡಸರೇ ಆದ ಮಾಜಿ ಸೈನಿಕರ ಮೇಲೆ. ಆದರೂ ಏಳು ಖಾನೆಗಳಿರುವುದರಿಂದ, ಸಂದರ್ಶನ ಮಾಡುವವರಿಗೆ ವ್ಯವಧಾನವಿದ್ದರೆ, ಹೆಂಗಸಿನ ಕಷ್ಟ ಎಲ್ಲಿ ಕುಳಿತಿದೆಯೆಂದು ಹೊರಬರುತ್ತದೆ. ಇಲ್ಲಿನ ಆಪ್ತಸಮಾಲೋಚಕಿಗೆ ವ್ಯವಧಾನವಿತ್ತು. ಮೊದಲು ತಂಗಿಯನ್ನೇ ಕೇಳಿದರು: "ನಿಮ್ಮ ಅಕ್ಕ ಇಲ್ಲಿ ಕೂತಿರಬಹುದಾ, ಅಲ್ಲ ಹೊರಗೆ ಇರಬೇಕಾ?" ಸ್ವಲ್ಪ ಹೊತ್ತು ಇರಲಿ ಎಂದಳು. ಮಾದಕ ವಸ್ತುವಿನ ಖಾನೆಗೆ ಬಂದಾಗ, ಎಷ್ಟು ಎಂದು ಕೇಳುವುದಕ್ಕಿಂತ ಮೊದಲು ಅವರು "ತಂದುಕೊಡುತ್ತಿದ್ದದ್ದು ಯಾರು?" ಎಂದು ಕೇಳಿದರು. "ಅವರೇ. ನಾನು ಒಂದು ಸಲವೂ ಹೋಗಿ ತಂದದ್ದಿಲ್ಲ," ಎಂದಳು ತಂಗಿ, ತನ್ನ ಜೊತೆಗಾರನ ಬಗ್ಗೆ. ಸಮಾಲೋಚಕಿ ಅದನ್ನು ಮಾದಕ ವಸ್ತುವಿನ ಖಾನೆಯಲ್ಲಿ ಬರೆಯದೆ, ಹಾಳೆ ಮಗುಚಿ ಕುಟುಂಬದ ಖಾನೆಯಲ್ಲಿ ಬರೆದುಕೊಂಡರು. ಪೆನ್ನಿಗೆ ಮುಚ್ಚಳ ಹಾಕಿ, ಇನ್ನು ನೀವು ಹೊರಗೆ ಕೂತುಕೊಳ್ಳಿ ಎಂದು ನನ್ನನ್ನು ಕಳುಹಿಸಿದರು. ಜೊತೆಗಾರನ ಕೈಯಿಂದಲೇ ಮಾದಕ ವಸ್ತುವಿಗೆ ಪರಿಚಯವಾಗುವುದು, ಪೂರೈಕೆಗೂ ಅವನನ್ನೇ ನಂಬಿಕೊಂಡಿರುವುದು ಹೆಂಗಸರಲ್ಲಿ ಬಹಳ ಸಾಮಾನ್ಯ. ಬಿಡುವುದೆಂದರೆ ಅವರಿಗೆ ಕ್ರ್ಯಾಕನ್ನು ಮಾತ್ರ ಬಿಡುವುದಲ್ಲ. ಒಂದು ಗಂಟೆಗೂ ಮಿಕ್ಕಿ ನಡೆದ ಆ ಸಂದರ್ಶನ ಈ ಕೇಂದ್ರದಲ್ಲಿ ನಾವು ಕೊಟ್ಟ ಹಣಕ್ಕೆ ಸಿಕ್ಕ ಅತ್ಯುತ್ತಮ ಸೇವೆ.

ಮೊದಲ ವಾರಗಳ ಬಗ್ಗೆಯೂ ದೂರಿಲ್ಲ. ಮೆಡಿಕಲ್ ಕಾಲೇಜಿನಿಂದ ಬರುವ ಮನೋರೋಗ ತಜ್ಞರು ಇಸಿಜಿ ಮಾಡಿಸಿದರು, ಏಕೆಂದರೆ ಕೊಕೇನ್ ಹೃದಯದ ರಕ್ತನಾಳಗಳನ್ನು ಬಿಗಿಯುತ್ತದೆ. ಅದರ ಜೊತೆ ಮದ್ಯ ಸೇರುತ್ತಿತ್ತೇ ಎಂದೂ ವಿಚಾರಿಸಿದರು, ಏಕೆಂದರೆ ಇವೆರಡೂ ಕೂಡಿದರೆ ಯಕೃತ್ತಿನಲ್ಲಿ ಹೃದಯಕ್ಕೆ ಇನ್ನಷ್ಟು ಅಪಾಯಕಾರಿಯಾದ ಕೊಕಎಥಿಲೀನ್ ತಯಾರಾಗುತ್ತದೆ. ಒಪ್ಪಿಗೆ ಕೇಳಿಯೇ ಗರ್ಭ ಪರೀಕ್ಷೆ ಮಾಡಿಸಿದರು. ಮುಖ್ಯವಾಗಿ, ಕೊಕೇನ್ ಚಟಕ್ಕೆಂದೇ ಮಾನ್ಯತೆ ಪಡೆದ ಔಷಧ ಯಾವುದೂ ಇಲ್ಲ, ಖಿನ್ನತೆಗೆ ಮಾತ್ರ ಮಾತ್ರೆ ಕೊಡುತ್ತೇನೆ, ಉಳಿದದ್ದು ಮಾತಿನ ಚಿಕಿತ್ಸೆ ಎಂದು ನೇರವಾಗಿ ಹೇಳಿದರು. ಕೊಕೇನ್ ಬಿಡಿಸುವ ಇಂಜೆಕ್ಷನ್ ಇದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು. ಕುಡಿತ ಬಿಡುವವರಿಗೆ ಬರುವ ನಡುಕ, ಫಿಟ್ಸ್ ಕೊಕೇನ್ ಬಿಡುವವರಿಗೆ ಬರುವುದಿಲ್ಲ. ಅವರಿಗೆ ಬರುವುದು ವಿಪರೀತ ನಿದ್ದೆ, ಹಸಿವು, ಮತ್ತು ಜೀವವೇ ಬೇಡವೆನಿಸುವಷ್ಟು ಕುಗ್ಗುವಿಕೆ. ನಸುಕಿನಲ್ಲಿ ಎದ್ದು ಪ್ರಾರ್ಥನೆ, ಯೋಗಕ್ಕೆ ಬರಲೇಬೇಕು ಎಂಬ ನಿಯಮವನ್ನು ಅವಳ ಮಟ್ಟಿಗೆ ಸಡಿಲಿಸಿ ಮಲಗಲು ಬಿಟ್ಟರು. ಎದ್ದಾಗ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಮಾವಿನ ಮಿಡಿಯ ಉಪ್ಪಿನಕಾಯಿ ಸಿಗುತ್ತಿತ್ತು. ಅಡುಗೆಯವರು ಹೊತ್ತಲ್ಲದ ಹೊತ್ತಿನಲ್ಲಿ ಬಡಿಸಲೂ ಮುಖ ಗಂಟಿಕ್ಕಲಿಲ್ಲವಂತೆ. ಊಟದ ಬಗ್ಗೆ ಇಷ್ಟು ಸಾಕು.

ತಕರಾರು ಶುರುವಾಗುವುದು ಗುಂಪು ಚರ್ಚೆಗಳಿಂದ. ಕೆಳಗಿನ ಹಾಲ್‌ನಲ್ಲಿ ನಡೆಯುವ ಸಭೆಗೆ ಹೆಂಗಸರನ್ನು ಕರೆದು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸುತ್ತಾರೆ. ಅಲ್ಲಿನ ಪಾಠವೆಲ್ಲ ಕುಡಿದು ಬಂದು ಹೆಂಡತಿ ಮಕ್ಕಳಿಗೆ ಕೊಟ್ಟ ಹಿಂಸೆಯನ್ನು ನೆನೆದು ಪಶ್ಚಾತ್ತಾಪ ಪಡುವುದು, ಮನೆಯವರ ಕ್ಷಮೆ ಕೇಳುವುದು. ಆ ಗಂಡಸರಿಗೆ ಅದು ತಕ್ಕದ್ದೇ. ಕರಾವಳಿಯ ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಮನೆಗಳು ಉಳಿದಿರುವುದನ್ನು ನಾನೂ ನೋಡಿದ್ದೇನೆ. ಆದರೆ ಹೊಡೆತ ತಿಂದವಳನ್ನೇ ಅದೇ ಹಾಲ್‌ನಲ್ಲಿ ಕೂರಿಸಿ, ನಿನ್ನಿಂದ ಯಾರಿಗೆಲ್ಲ ನೋವಾಯಿತು ಎಂದು ಪಟ್ಟಿ ಬರೆಸುವುದು ಎಂಥ ಚಿಕಿತ್ಸೆ? ಮೊದಲ ದಿನ ಸಮಾಲೋಚಕಿ ಅಷ್ಟು ಜಾಗ್ರತೆಯಿಂದ ಕುಟುಂಬದ ಖಾನೆಯಲ್ಲಿ ಬರೆದುಕೊಂಡ ಸಂಗತಿ ಫೈಲಿನಲ್ಲೇ ಉಳಿಯಿತು, ಗುಂಪು ನಡೆಸುವವರವರೆಗೆ ತಲುಪಲಿಲ್ಲ. ಹೆಂಗಸರಿಗೆಂದೇ ಬೇರೆ ಗುಂಪು ಮಾಡಿ ಎಂದು ಕೇಳಿದಾಗ, ಅಷ್ಟು ಸಂಖ್ಯೆ ಇಲ್ಲ ಮೇಡಂ ಎಂಬ ಉತ್ತರ ಬಂತು. ಸಂಖ್ಯೆ ಇಲ್ಲ ನಿಜ. ಅದೇ 2019ರ ಸಮೀಕ್ಷೆಯಲ್ಲಿ ಮದ್ಯ ಸೇವಿಸುವ ಹೆಂಗಸು ಒಬ್ಬಳಿದ್ದರೆ ಗಂಡಸರು ಹದಿನೇಳು ಮಂದಿ. ಆದರೆ ಇಂಥ ಸಭೆಯಲ್ಲಿ ಒಮ್ಮೆ ಕೂತವಳು ಇನ್ನೊಬ್ಬಳಿಗೆ ಇಲ್ಲಿಗೆ ಹೋಗು ಎನ್ನುವುದಿಲ್ಲ, ಸಂಖ್ಯೆ ಬೆಳೆಯುವುದೂ ಇಲ್ಲ.

ಸಹಿಯ ವಿಷಯ ಇನ್ನೂ ಕಿರಿಕಿರಿ. ನಮೂನೆಯಲ್ಲಿ ತಂದೆ ಅಥವಾ ಗಂಡನ ಸಹಿ ಕಡ್ಡಾಯ ಎಂದಿತ್ತು. ಮೂವತ್ತು ದಾಟಿದ ಹೆಂಗಸು ತಾನಾಗಿ ಬಂದು ಸೇರುತ್ತೇನೆ ಎಂದರೆ ಅವಳ ಸಹಿಯೇ ಸಾಕು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ವಯಸ್ಕರು ಸ್ವತಂತ್ರವಾಗಿ ದಾಖಲಾಗಬಹುದು, ತಮಗೆ ಬೇಕಾದವರನ್ನು ಬಿಳಿ ಹಾಳೆಯಲ್ಲಿ ಬರೆದು ಪ್ರತಿನಿಧಿಯಾಗಿ ನೇಮಿಸಿಕೊಳ್ಳಬಹುದು ಎಂದು ಅದು ಹೇಳುತ್ತದೆ. ಇದನ್ನು ಕಚೇರಿಯವರಿಗೆ ಮನವರಿಕೆ ಮಾಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೊನೆಗೆ ಪ್ರತಿನಿಧಿಯೆಂದು ನನ್ನ ಹೆಸರು ಬರೆದುಕೊಂಡರೂ ಸಂಪರ್ಕಕ್ಕೆ ಚಿಕ್ಕಪ್ಪನ ಮೊಬೈಲ್ ನಂಬರನ್ನೇ ಹಾಕಿಕೊಂಡರು. ಅದೇ ಕಾಯ್ದೆಯ ಪ್ರಕಾರ ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಆದರೆ ಮೇಲಿನ ಮಹಡಿಯಲ್ಲಿ ತೊಟ್ಟಿಲಿಗಾಗಲಿ, ಮಗುವಿನ ಹಾಲು ಬಿಸಿ ಮಾಡುವುದಕ್ಕಾಗಲಿ ಜಾಗವಿಲ್ಲ. ಪಕ್ಕದ ಹಾಸಿಗೆಯ ಹೆಂಗಸು ಎಳೆಮಗುವನ್ನು ಅತ್ತೆಯ ಬಳಿ ಬಿಟ್ಟು ಬಂದವಳು, ಅವಧಿ ಮುಗಿಯುವ ಮೊದಲೇ ಗಂಟುಮೂಟೆ ಕಟ್ಟಿದಳು. ಕೇಂದ್ರದ ರಿಜಿಸ್ಟರಿನಲ್ಲಿ ಅದು ಸಲಹೆ ಮೀರಿ ಹೋದದ್ದೆಂದು ದಾಖಲಾಗಿರುತ್ತದೆ.

ಬಿಡುಗಡೆಯಾದ ಮೇಲಿನ ಸಭೆ ಶನಿವಾರ ಸಂಜೆ. ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ, ಮುಖ್ಯರಸ್ತೆಯ ಬಸ್‌ಸ್ಟಾಪಿಗೆ ಒಳ್ಳೆಯ ನಡಿಗೆ. ಯಾರಾದರೂ ಗಂಡಸರು ಬೈಕಿನಲ್ಲಿ ಕರೆದೊಯ್ದರೆ ಮಾತ್ರ ಹೋಗಿಬರಬಹುದಾದ ಹೊತ್ತು. ಕೊಕೇನ್ ಬಿಟ್ಟವರಲ್ಲಿ ಹೆಂಗಸರಿಗೆ ಮರುಕಳಿಕೆ ಹೆಚ್ಚಾಗಿ ಮನಸ್ಸು ಕುಗ್ಗಿದಾಗ, ಜಗಳವಾದಾಗ ಬರುತ್ತದೆ. ಗಂಡಸರಿಗೆ ಎಲ್ಲ ಚೆನ್ನಾಗಿದೆ, ಒಂದು ಸಲಕ್ಕೇನು ಎಂಬ ಹುರುಪಿನಲ್ಲಿಯೂ ಬರುತ್ತದೆ. ಹಳೆಯ ಗೆಳೆಯರ ಗುಂಪಿನಿಂದ ದೂರವಿರಿ ಎಂಬ ಒಂದೇ ಸೂತ್ರವನ್ನು ಇಬ್ಬರಿಗೂ ಹೇಳಿ ಕಳುಹಿಸಿದರೆ ಅವಳಿಗೆ ಪ್ರಯೋಜನ ಕಡಿಮೆ. ತಂಗಿಗೆ ಇಲ್ಲಿ ಗುಂಪೇ ಇಲ್ಲ. ಇರುವುದು ಫೋನು ಮಾಡುವ ಒಬ್ಬ ಮನುಷ್ಯ. ಈಗ ಅವಳು ಮೆಡಿಕಲ್ ಕಾಲೇಜೊಂದರ ಹೊರರೋಗಿ ವಿಭಾಗಕ್ಕೆ ಬೆಳಗ್ಗಿನ ಹೊತ್ತು ಹೋಗಿಬರುತ್ತಾಳೆ, ಚೀಟಿಯ ಖರ್ಚು ಬಿಟ್ಟರೆ ಹೆಚ್ಚೇನಿಲ್ಲ. ಕೇಂದ್ರದ ಸಭೆಯ ಸಂದೇಶ ಮಾತ್ರ ವಾರವಾರವೂ ಚಿಕ್ಕಪ್ಪನ ಮೊಬೈಲಿಗೆ ಬರುತ್ತದೆ. ನಂಬರ್ ಬದಲಾಯಿಸಿ ಎಂದು ಹೇಳಿಯಾಗಿದೆ.

ಹಣದ ಲೆಕ್ಕ ಚೊಕ್ಕವಾಗಿತ್ತು; ಮುಂಗಡದಲ್ಲಿ ಉಳಿದದ್ದನ್ನು ತಕರಾರಿಲ್ಲದೆ ಹಿಂದಿರುಗಿಸಿದರು, ಔಷಧದ ಬಿಲ್ಲು ಬೇರೆಯಾಗಿತ್ತು. ಆರೋಗ್ಯ ವಿಮೆಯನ್ನು ನಂಬಿಕೊಂಡು ಹೋಗಬೇಡಿ: ವ್ಯಸನದ ಚಿಕಿತ್ಸೆಯನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಮೊದಲು 14446 ಎಂಬ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ ವಿಚಾರಿಸಬಹುದು, ಮನಸ್ಸಿನ ಕುಗ್ಗುವಿಕೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಈ ಕೇಂದ್ರಕ್ಕೇ ಹೋಗುವುದಾದರೆ, ಮುಂಗಡ ಕಟ್ಟುವ ಮೊದಲೇ ಹೆಂಗಸರಿಗೆ ಪ್ರತ್ಯೇಕ ಗುಂಪು ನಡೆಯುತ್ತಿದೆಯೇ ಎಂದು ಕೇಳಿ. ಇಲ್ಲವೆಂದರೆ ವೈಯಕ್ತಿಕ ಸಮಾಲೋಚನೆಯ ಅವಧಿಗಳನ್ನು ಹೆಚ್ಚಿಸಿಕೊಡುವಂತೆ ಬರೆಸಿಕೊಳ್ಳಿ. ಸಂದರ್ಶನಕ್ಕೆ ಅದೇ ಸಮಾಲೋಚಕಿ ಇರುವ ದಿನ ನೋಡಿಕೊಂಡು ಹೋಗುವುದು ಉತ್ತಮ. ಮಗುವಿರುವವರು ಸದ್ಯಕ್ಕೆ ಬೇರೆ ಕಡೆ ನೋಡಬೇಕು.