ಗ್ಲೋರೂಟ್: ಒಂದೇ ಸರ್ವರ್ ಇರುವವರ ದೀರ್ಘ ಬಳಕೆಯ ವಿಮರ್ಶೆ

ಮಂಗಳೂರಿನಲ್ಲಿ ಕುಳಿತು ಒಂದು ಪತ್ತಿನ ಸಹಕಾರಿ ಸಂಘದ ಜಾವಾ ತಂತ್ರಾಂಶವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸಂಘದ ಶಾಖೆಗಳು ಸುರತ್ಕಲ್‌ನಿಂದ ಕುಂದಾಪುರದವರೆಗೆ ಹರಡಿಕೊಂಡಿದ್ದರೂ ಸರ್ವರ್ ಮಾತ್ರ ಒಂದೇ, ಅದೂ 8 ಜಿಬಿ ರ‍್ಯಾಮ್‌ನದು. ತಿಂಗಳಿಗಿಷ್ಟು ಡಾಲರ್ ಎಂದು ಬಿಲ್ಲು ಕಳುಹಿಸುವ ನಿಗಾ ಸೇವೆಗಳ ಮಾತನ್ನು ಆಡಳಿತ ಮಂಡಳಿಯ ಮುಂದೆ ಎತ್ತುವಂತೆಯೇ ಇರಲಿಲ್ಲವಾದ್ದರಿಂದ, ಅಪಾಚೆ 2.0 ಪರವಾನಗಿಯಲ್ಲಿ ಉಚಿತವಾಗಿ ಸಿಗುವ, ಜಾವಾ ತಂತ್ರಾಂಶ ಎಲ್ಲಿ ನಿಧಾನವಾಗುತ್ತಿದೆ ಎಂದು ನಿಗಾ ಇಟ್ಟು ತೋರಿಸುವ ಗ್ಲೋರೂಟನ್ನು ಹಾಕಿಕೊಂಡೆವು. ಕೆಲವು ವರ್ಷಗಳಿಂದ ಅದು, ನಮ್ಮ ತಂತ್ರಾಂಶವನ್ನು ನಡೆಸುವ ಟಾಮ್‌ಕ್ಯಾಟ್‌ನ ಜೊತೆಗೇ ಓಡುತ್ತಿದೆ.

ಸಿದ್ಧ ಜಿಪ್ ಸಿಗುತ್ತದೆ. ಆದರೂ ಜನರ ಠೇವಣಿಯ ಲೆಕ್ಕವಿರುವ ಯಂತ್ರಕ್ಕೆ ಹೋಗುವ ಇಂಥ ಜಾರ್‌ಗಳನ್ನು (ಜಾವಾ ತಂತ್ರಾಂಶದ ಕಟ್ಟುಗಳನ್ನು) ಮೂಲ ಸಂಕೇತದಿಂದಲೇ ಬಿಲ್ಡ್ ಮಾಡುವುದು ನಮ್ಮಲ್ಲಿನ ಪದ್ಧತಿ. ಬಿಲ್ಡ್ ಮಾಡಿಕೊಡುವ ಸಾಧನವಾದ ಮೇವನ್‌ಗೆ ಒಂದು ಆದೇಶ ಕೊಟ್ಟರೆ ಸರ್ವ್‌ಲೆಟ್, ಜೆಡಿಬಿಸಿ, ಹೈಬರ್ನೇಟ್, ಸ್ಪ್ರಿಂಗ್, ಕ್ವಾರ್ಟ್ಜ್ ಮೊದಲಾದ ಜಾವಾ ಘಟಕಗಳ ಮೇಲೆ ಕಣ್ಣಿಡುವ ಪ್ಲಗಿನ್‌ಗಳೆಲ್ಲ ಸಾಲಾಗಿ ತಯಾರಾಗಿ, ಕೊನೆಗೆ ಎಲ್ಲವೂ ಒಂದೇ ಜಾರ್‌ನೊಳಗೆ ಸೇರುತ್ತವೆ. ತಾನು ಬಳಸುವ ಹೊರಗಿನ ಲೈಬ್ರರಿಗಳ ಪ್ಯಾಕೇಜ್ ಹೆಸರುಗಳನ್ನು ಗ್ಲೋರೂಟ್ ಬಿಲ್ಡ್ ಸಮಯದಲ್ಲೇ ಬದಲಿಸಿಕೊಳ್ಳುತ್ತದೆ. ನಮ್ಮ ತಂತ್ರಾಂಶದಲ್ಲಿ ಅದೇ ಲೈಬ್ರರಿಯ ಹಳೆಯ ಆವೃತ್ತಿ ಇದ್ದರೂ ಎರಡೂ ಒಂದಕ್ಕೊಂದು ಅಡ್ಡ ಬರದಿರುವುದು ಇದರಿಂದಲೇ. ಮೊದಲ ಸಲ ಬಿಲ್ಡ್ ಮಾಡುವಾಗ ಮೇವನ್ ಇಳಿಸಿಕೊಳ್ಳುವ ಸಾಮಗ್ರಿ ಮಾತ್ರ ಸಾಕಷ್ಟಿದೆ; ಪರೀಕ್ಷೆಗಳನ್ನು ಬಿಟ್ಟು ಬಿಲ್ಡ್ ಮಾಡುವುದು ಜಾಣತನ. ಓಡಿಸುವುದಕ್ಕೆ ಹೆಚ್ಚು ಹೇಳಬೇಕಾದುದಿಲ್ಲ: ಜಾವಾದ ಆರಂಭದ ಆಯ್ಕೆಗಳಲ್ಲಿ ಜಾವಾಏಜೆಂಟ್ ಸಾಲೊಂದನ್ನು ಸೇರಿಸಿ ಟಾಮ್‌ಕ್ಯಾಟನ್ನು ಮರಳಿ ಆರಂಭಿಸಿದರೆ 4000ನೆಯ ಪೋರ್ಟ್‌ನಲ್ಲಿ ಗ್ಲೋರೂಟ್‌ನ ನಿಗಾ ಪುಟ ತೆರೆದುಕೊಳ್ಳುತ್ತದೆ. ತಂತ್ರಾಂಶದ ಒಂದು ಸಾಲನ್ನೂ ತಿದ್ದಬೇಕಾಗಿಲ್ಲ.

ಆ ಪುಟ ಸರ್ವರ್‌ನ ಒಳಗಿನಿಂದ ಮಾತ್ರ ತೆರೆಯುವಂತೆ ಮೊದಲಿನಿಂದಲೇ ಕಟ್ಟಿಹಾಕಲಾಗಿದೆ. ನಾನು ಅದನ್ನು ಬದಲಿಸದೆ, ದೂರದಿಂದ ಸರ್ವರ್‌ಗೆ ಸುರಕ್ಷಿತವಾಗಿ ಸೇರುವ ಎಸ್‌ಎಸ್‌ಎಚ್ ಮೂಲಕವೇ ನೋಡುತ್ತೇನೆ. ಬೆಳಿಗ್ಗೆ ಶಾಖೆಗಳ ಬಾಗಿಲು ತೆರೆಯುವ ಮುನ್ನ, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ಹಿಂದಿನ ಸಂಜೆಯ ಅವಧಿಯನ್ನು ಮೌಸ್‌ನಿಂದ ಎಳೆದು ದೊಡ್ಡದು ಮಾಡುವುದು ನನ್ನ ನಿತ್ಯದ ಕ್ರಮ. ಸರಾಸರಿಯ ಗೆರೆಯನ್ನು ನಾನು ನೋಡುವುದೇ ಇಲ್ಲ. ನೂರರಲ್ಲಿ ತೊಂಬತ್ತೈದು ಕೋರಿಕೆಗಳು ಎಷ್ಟು ಹೊತ್ತಿನೊಳಗೆ ಮುಗಿದವು ಎನ್ನುವ ಗೆರೆಯೇ ನನಗೆ ಮುಖ್ಯ, ಏಕೆಂದರೆ ಫೋನ್ ಬರುವುದು ಉಳಿದ ಐದರಲ್ಲಿ ಸಿಕ್ಕಿಕೊಂಡವರಿಂದ. ಆಮೇಲೆ ಚುಕ್ಕಿಗಳ ಪಟ. ಎರಡು ಸೆಕೆಂಡಿಗಿಂತ ನಿಧಾನವಾದ ಪ್ರತಿಯೊಂದು ಕೋರಿಕೆಯೂ ಅಲ್ಲಿ ಒಂದು ಚುಕ್ಕಿ. ಒತ್ತಿದರೆ ಅದರ ಇಡೀ ಜಾತಕ ಬಿಚ್ಚಿಕೊಳ್ಳುತ್ತದೆ. ಈ ಎರಡು ಸೆಕೆಂಡಿನ ಮಿತಿಯನ್ನು ಅದೇ ಪುಟದ ಸಂರಚನೆಯಲ್ಲಿ ಇಳಿಸಿಕೊಳ್ಳಬಹುದು, ನಾನು ಇಳಿಸಿದ್ದೇನೆ.

ನಾನು ನಿರೀಕ್ಷಿಸಿಯೇ ಇರದ ಸಂತೋಷ ಸಿಕ್ಕಿದ್ದು ಎಸ್‌ಕ್ಯೂಎಲ್ (ಡೇಟಾಬೇಸನ್ನು ಕೇಳುವ ಭಾಷೆ) ಪಟ್ಟಿಯಲ್ಲಿ. ನಮ್ಮ ಸರ್ವರ್‌ಗೆ ಕಷ್ಟಕಾಲವೆಂದರೆ ಸಂಜೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಪಿಗ್ಮಿ ಠೇವಣಿ ಈ ಕರಾವಳಿಯ ಸಂಘಗಳಲ್ಲಿ ಇಂದಿಗೂ ನಿತ್ಯದ ವ್ಯವಹಾರ. ಸಂಗ್ರಾಹಕರು ಊರೆಲ್ಲ ಸುತ್ತಿ ಬಂದು ದಿನದ ವಸೂಲಿಯನ್ನು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಏರಿಸುತ್ತಾರೆ. ಆಗ ತೆರೆ ಹೆಪ್ಪುಗಟ್ಟಿದಂತಾಗುತ್ತಿತ್ತು. ನಾವು ನೆಟ್‌ನತ್ತ ಬೆರಳು ತೋರಿಸಿದರೆ ಶಾಖೆಯವರು, "ನೆಟ್ ಸರಿ ಉಂಟು ಮಾರಾಯ್ರೆ, ನಿಮ್ಮದೇ ಸ್ಲೋ" ಎನ್ನುತ್ತಿದ್ದರು. ಗ್ಲೋರೂಟ್ ಆ ಕೋರಿಕೆಯೊಳಗೆ ನಡೆದ ಪ್ರತಿ ಎಸ್‌ಕ್ಯೂಎಲ್ ವಾಕ್ಯವನ್ನು, ಅದು ಎಷ್ಟು ಸಲ ನಡೆಯಿತು, ಒಟ್ಟು ಎಷ್ಟು ಹೊತ್ತು ತಿಂದಿತು ಎಂಬ ಲೆಕ್ಕದೊಡನೆ ಮುಂದಿಟ್ಟಿತು. ಖಾತೆದಾರರ ವಿವರ ತರುವ ಪುಟ್ಟ ವಾಕ್ಯವೊಂದು ಪಟ್ಟಿಯಲ್ಲಿ ಎಷ್ಟು ಖಾತೆಗಳಿದ್ದವೋ ಅಷ್ಟು ಸಲವೂ ಬೇರೆ ಬೇರೆಯಾಗಿ ಡೇಟಾಬೇಸಿಗೆ ಹೋಗಿ ಬರುತ್ತಿತ್ತು. ಒಂದೊಂದಾಗಿ ನೋಡಿದರೆ ಯಾವುದೂ ನಿಧಾನವಲ್ಲದ ಕಾರಣ ಡೇಟಾಬೇಸಿನ ನಿಧಾನ ವಾಕ್ಯಗಳ ದಾಖಲೆಯಲ್ಲಿ ಅದು ಎಂದೂ ಕಾಣಿಸಿಕೊಂಡಿರಲಿಲ್ಲ. ನಮ್ಮ ತಂತ್ರಾಂಶದ ಪರವಾಗಿ ಡೇಟಾಬೇಸಿನೊಡನೆ ಮಾತಾಡುವ ಹೈಬರ್ನೇಟ್‌ಗೆ ಎಲ್ಲವನ್ನೂ ಒಟ್ಟಿಗೆ ತರಲು ಹೇಳಿದ ಮೇಲೆ ಸಂಜೆಯ ಫೋನುಗಳು ಬಹುಮಟ್ಟಿಗೆ ನಿಂತವು. ಶಾಖೆಯವರೇ ಸರಿಯಾಗಿದ್ದರು ಎಂಬುದನ್ನೂ ದಾಖಲಿಸಬೇಕು.

ಇಷ್ಟು ಹೊಗಳಿದ ಮೇಲೆ ಒಂದು ದೊಡ್ಡ ಕೊರತೆಯನ್ನೂ ಹೇಳಬೇಕು. ಈ ರೀತಿ ಓಡುವ ಗ್ಲೋರೂಟ್, ತಾನು ಯಾವುದರ ನಾಡಿ ಹಿಡಿದಿದೆಯೋ ಅದೇ ಜೆವಿಎಂನೊಳಗೆ (ಜಾವಾ ತಂತ್ರಾಂಶವನ್ನು ಓಡಿಸುವ ವ್ಯವಸ್ಥೆಯೊಳಗೆ) ಬದುಕುತ್ತದೆ. ಮೆಮೊರಿ ಮುಗಿದು ಜೆವಿಎಂ ಬಿದ್ದರೆ ನಿಗಾ ಪುಟವೂ ಜೊತೆಗೇ ಬೀಳುತ್ತದೆ; ಇಮೇಲ್ ಎಚ್ಚರಿಕೆಗಳನ್ನು ಎಷ್ಟು ಚೆನ್ನಾಗಿ ಹೊಂದಿಸಿದ್ದರೂ ಆ ಕ್ಷಣದಲ್ಲಿ ಕಳುಹಿಸುವವರೇ ಇರುವುದಿಲ್ಲ. ದತ್ತಾಂಶ ಡಿಸ್ಕ್‌ನಲ್ಲಿ ಉಳಿದಿರುತ್ತದೆ, ಅದೇ ಜಾರನ್ನು ಪ್ರತ್ಯೇಕವಾಗಿ ಓಡಿಸಿ ಬಿದ್ದ ಹೊತ್ತಿನ ಹಿಂದಿನ ಗೆರೆಗಳನ್ನು ನೋಡಬಹುದು ಎಂಬುದು ನಿಜ. ಆದರೆ ಆ ನೋಟ ಮರಣೋತ್ತರ ಪರೀಕ್ಷೆಗೆ ಒದಗುತ್ತದೆಯೇ ಹೊರತು ಕಾವಲಿಗಲ್ಲ. ಇದಕ್ಕೆ ಗ್ಲೋರೂಟ್ ಕೊಡುವ ಪರಿಹಾರ ಬೇರೆ ಯಂತ್ರದಲ್ಲಿ ಓಡುತ್ತ ನಿಗಾ ಮಾಹಿತಿಯನ್ನು ಕೂಡಿಡುವ ಕೇಂದ್ರ ಸಂಗ್ರಾಹಕ, ಅದಕ್ಕೆ ಕಸಾಂಡ್ರಾ ಎಂಬ ಡೇಟಾಬೇಸ್ ಬೇಕು. ಕಸಾಂಡ್ರಾದ ಮೆಮೊರಿ ಹಸಿವನ್ನು ಬಲ್ಲವರು, ಒಂದೇ ಸರ್ವರ್ ಇರುವ ಸಂಘಕ್ಕೆ ಅದನ್ನು ಶಿಫಾರಸು ಮಾಡಲಾರರು. ನಾನು ಕಚೇರಿಯ ಹಳೆಯ ಕಂಪ್ಯೂಟರೊಂದರಿಂದ ಲಾಗಿನ್ ಪುಟವನ್ನು ಆಗಾಗ ತಟ್ಟಿ ನೋಡುವ ಸಣ್ಣ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ.

ಇನ್ನೊಂದು ಅಳುಕು ಭವಿಷ್ಯದ್ದು. ಇದರ ಪುಟಗಳು ಗೂಗಲ್‌ನ ಹಳೆಯ ವೆಬ್ ಚೌಕಟ್ಟಾದ ಆಂಗ್ಯುಲರ್‌ಜೆಎಸ್‌ನಲ್ಲಿ ಬರೆದವು. ಅದಕ್ಕೆ ಗೂಗಲ್‌ನ ಬೆಂಬಲ 2021ರ ಕೊನೆಗೇ ಮುಗಿದಿದೆ. ಯೋಜನೆಯನ್ನು ಕಟ್ಟಿದ ಟ್ರಾಸ್ಕ್ ಸ್ಟಾಲ್ನೇಕರ್ ಅವರ ಹೆಸರು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿ ಕಾಣುವುದು ನಿಗಾ ಮಾಹಿತಿ ಸಂಗ್ರಹದ ಮುಕ್ತ ಯೋಜನೆಯಾದ ಓಪನ್‌ಟೆಲಿಮೆಟ್ರಿಯ ಜಾವಾ ಭಾಗದಲ್ಲಿ. ಅದೇನೋ ಒಳ್ಳೆಯ ಕೆಲಸವೇ, ಆದರೆ ಓಪನ್‌ಟೆಲಿಮೆಟ್ರಿಯ ಏಜೆಂಟ್ ಮಾಹಿತಿಯನ್ನು ಹೊರಗೆ ಕಳುಹಿಸುತ್ತದಷ್ಟೆ. ಅದನ್ನು ಕೂಡಿಡಲು, ತೋರಿಸಲು ಬೇರೆ ವ್ಯವಸ್ಥೆಗಳನ್ನು ನಾವೇ ನಿಲ್ಲಿಸಬೇಕು. ನಮ್ಮ 8 ಜಿಬಿಯಲ್ಲಿ ಅವಕ್ಕೆಲ್ಲ ಜಾಗವಿಲ್ಲ.

ಆದ್ದರಿಂದ ಒಂದೇ ಸರ್ವರ್, ಒಂದೇ ಟಾಮ್‌ಕ್ಯಾಟ್ ಇರುವವರು ಗ್ಲೋರೂಟನ್ನು ಧಾರಾಳವಾಗಿ ಹಾಕಿಕೊಳ್ಳಬಹುದು. ಸರ್ವರ್‌ಗಳು ಹತ್ತಾರು ಇದ್ದು ಮೊದಲಿನಿಂದ ಆರಂಭಿಸುವವರಾದರೆ ಓಪನ್‌ಟೆಲಿಮೆಟ್ರಿಯತ್ತಲೇ ಹೋಗುವುದು ಮೇಲು. ನಮ್ಮ ಸಂಘ ಮುಂದಿನ ಬಜೆಟ್‌ನಲ್ಲಿ ಎರಡನೆಯ ಯಂತ್ರಕ್ಕೆ ಒಪ್ಪಿದರೆ ನಾನು ಮೊದಲು ಪರೀಕ್ಷಿಸುವುದು ಕಸಾಂಡ್ರಾ ಸಹಿತದ ಕೇಂದ್ರ ಸಂಗ್ರಾಹಕವನ್ನೇ.