ಎರಡು ಹಂತದ ಸ್ನೋಬ್ಲೋವರ್: ಹಲವು ಚಳಿಗಾಲ ಬಳಸಿದ ಮೇಲೆ

ಹಿಮ ಬಾಚಿ ದೂರ ಎಸೆಯುವ, 28 ಇಂಚು ಅಗಲದ ಈ ಪೆಟ್ರೋಲ್ ಸ್ನೋಬ್ಲೋವರನ್ನು ಕೊಂಡಿದ್ದು 2019ರಲ್ಲಿ. ಮುಂದಿನ ಸುರುಳಿ ಹಿಮವನ್ನು ಒಳಗೆಳೆಯುತ್ತದೆ, ಹಿಂದಿನ ಫ್ಯಾನ್ ಅದನ್ನು ಹೊರಗೆಸೆಯುತ್ತದೆ; ಅದಕ್ಕೇ ಎರಡು ಹಂತ. ನಾವಿರುವುದು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್. ಒಂಟಾರಿಯೊ ಸರೋವರದ ಮೇಲಿಂದ ಬೀಸುವ ಗಾಳಿಯ ದಯೆಯಿಂದ ಇಲ್ಲಿ ವರ್ಷಕ್ಕೆ ಸರಾಸರಿ 120 ಇಂಚಿನಷ್ಟು ಹಿಮ ಬೀಳುತ್ತದೆ. ಸಲಿಕೆ ಹಿಡಿದು ಎಷ್ಟು ಅಂತ ಬಾಚೋದು ಹೇಳಿ?

ಹಿಮ ಎಸೆಯುವ ಕೆಲಸದಲ್ಲಿ ಇದಕ್ಕೆ ಹೆಸರಿಡುವ ಹಾಗಿಲ್ಲ. ರಸ್ತೆಯ ಹಿಮ ತಳ್ಳುವ ಲಾರಿ (ಪ್ಲೋ) ಬಂದು ಡ್ರೈವ್‌ವೇ ಬಾಯಿಗೆ ಒತ್ತಿ ಹೋಗುವ ಗಟ್ಟಿ ಗುಡ್ಡೆಯನ್ನೂ ನಿಧಾನವಾಗಿ ತಿಂದು ಹಾಕುತ್ತದೆ. ಬ್ರಾಂಡ್ ಹೆಸರು ಹೇಳುತ್ತಿಲ್ಲ. ಮುಂದೆ ಹೇಳುವ ತೊಂದರೆ ಬ್ರಾಂಡಿನದಲ್ಲ, ಸರ್ವಿಸ್‌ನದು. ಫ್ರಿಕ್ಷನ್ ಡಿಸ್ಕ್ (ತಟ್ಟೆಗೆ ಉಜ್ಜಿ ಗಾಲಿ ತಿರುಗಿಸುವ ರಬ್ಬರ್ ಚಕ್ರ) ಇರುವ ಯಾವ ಯಂತ್ರದಲ್ಲಾದರೂ ಬರಬಹುದು.

ಕಳೆದ ಸೀಸನ್‌ಗೆ ಮುಂಚೆ ಹತ್ತಿರದ ಅಂಗಡಿಗೆ ಕೊಟ್ಟಿದ್ದೆ. ಆಯಿಲ್, ಸ್ಪಾರ್ಕ್ ಪ್ಲಗ್, ಬೆಲ್ಟುಗಳು, ಸವೆದ ರಬ್ಬರ್ ಚಕ್ರ ಎಲ್ಲ ಬದಲಾಗಿ ಬಂತು. ಮೊದಲ ಹಿಮದ ದಿನ ಎಂಜಿನ್ ಶುರು ಮಾಡಿ, ಗೇರ್ ಒಂದಕ್ಕೆ ಹಾಕಿದೆ. ಗಾಲಿ ಓಡಿಸುವ ಡ್ರೈವ್ ಹಿಡಿ ಇನ್ನೂ ಒತ್ತಿರಲಿಲ್ಲ. ಯಂತ್ರ ತಾನಾಗೇ ಗ್ಯಾರೇಜಿನ ಗೋಡೆ ಕಡೆ ಹೊರಟಿತು! ಕೀ ಎಳೆದು ನಿಲ್ಲಿಸಿದೆ. ಅಂಗಡಿಗೆ ಫೋನ್ ಮಾಡಿದರೆ "ಟ್ರಾನ್ಸ್‌ಮಿಷನ್ ಹೋಗಿರಬಹುದು, ತಗೊಂಡು ಬನ್ನಿ" ಅಂದರು. ಟ್ರಾನ್ಸ್‌ಮಿಷನ್ ಅಂದರೆ ಬಿಲ್ ಎಷ್ಟಾಗುತ್ತೆ ಅಂತ ಗೊತ್ತಲ್ಲ. ನಾನೇ ಮೊದಲು ನೋಡೋಣ ಅಂದುಕೊಂಡೆ.

ಒಳಗಿನ ವ್ಯವಸ್ಥೆ ಬಹಳ ಸರಳ. ಬೆಲ್ಟಿನಿಂದ ತಿರುಗುವ, ದೋಸೆ ಕಾವಲಿಯಂಥ ಒಂದು ಅಲ್ಯೂಮಿನಿಯಂ ತಟ್ಟೆ. ಅದಕ್ಕೆ ಅಡ್ಡಲಾಗಿ ರಬ್ಬರ್ ಅಂಚಿನ ಚಕ್ರ. ಹಿಡಿ ಒತ್ತಿದಾಗ ತಟ್ಟೆ ಹೋಗಿ ರಬ್ಬರಿಗೆ ತಾಗುತ್ತದೆ, ಗಾಲಿ ತಿರುಗುತ್ತವೆ. ಚಕ್ರ ತಟ್ಟೆಯ ಅಂಚಿನ ಕಡೆ ಸರಿದಷ್ಟೂ ವೇಗ ಜಾಸ್ತಿ, ನಡುವನ್ನು ದಾಟಿ ಆ ಕಡೆ ಹೋದರೆ ರಿವರ್ಸ್.

ರಬ್ಬರ್ ಸವೆದಂತೆ ಚಕ್ರ ಚಿಕ್ಕದಾಗುತ್ತದೆ. ಆ ಸಂದು ಮುಚ್ಚಲು ಹಿಂದಿನ ವರ್ಷಗಳಲ್ಲಿ ಅಂಗಡಿಯವರು ಡ್ರೈವ್ ಹಿಡಿಯಿಂದ ತಟ್ಟೆಯನ್ನು ಎಳೆಯುವ ಕೇಬಲ್ ಸ್ವಲ್ಪ ಸ್ವಲ್ಪ ಬಿಗಿ ಮಾಡಿದ್ದಾರೆ. ಈಗ ಹಾಕಿದ್ದು ಪೂರ್ತಿ ಅಳತೆಯ ಹೊಸ ಚಕ್ರ, ಕೇಬಲ್ ಮಾತ್ರ ಹಳೇ ಬಿಗಿಯಲ್ಲೇ ಉಳಿದಿದೆ. ಹಿಡಿ ಬಿಟ್ಟರೂ ತಟ್ಟೆ ರಬ್ಬರಿಗೆ ಉಜ್ಜುತ್ತಲೇ ಇರುತ್ತದೆ. ಯಂತ್ರ ಸುಮ್ನೆ ಹೇಗೆ ನಿಂತೀತು?

ಖಚಿತ ಮಾಡಿಕೊಳ್ಳಲು ಎಂಜಿನ್ ಆರಿಸಿ, ಪ್ಲಗ್ ವಯರ್ ಕಿತ್ತು, ಗೇರಿನಲ್ಲೇ ಇಟ್ಟು ತಳ್ಳಿದೆ. ಹಿಡಿ ಬಿಟ್ಟಿರುವಾಗ ಗಾಲಿ ಸಲೀಸಾಗಿ ಉರುಳಬೇಕು. ನನ್ನದು ಎಳೆದು ಹಿಡಿದಂತೆ ಬಿಗಿಯಾಗಿತ್ತು. ಹಿಡಿಯ ಕೆಳಗೆ ಕೇಬಲ್ ತಂತಿಯ ಹಾಗೆ ನೆಟ್ಟಗೆ ನಿಂತಿತ್ತು, ಬೆರಳಲ್ಲಿ ಒತ್ತಿದರೂ ಬಗ್ಗಲಿಲ್ಲ. ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ಪ್ರತಿ ಸಲವೂ ತಳ್ಳಿ ನೋಡಿದೆ. ಕೇಬಲ್ ಚೂರು ಜೋಲು ಬಿದ್ದ ಕೂಡಲೇ ಗಾಲಿ ಹಗುರಾದವು. ಹಿಡಿ ಒತ್ತಿದರೆ ಮತ್ತೆ ಬಿಗಿ. ಅಷ್ಟೇ ರಿಪೇರಿ. ತೀರಾ ಸಡಿಲ ಮಾಡಬೇಡಿ, ಏರಿನಲ್ಲಿ ರಬ್ಬರ್ ಜಾರಿ ಸುಟ್ಟ ವಾಸನೆ ಬರುತ್ತದೆ.

ಹಿಡಿ ಬಿಟ್ಟಾಗ ಸರಿಯಾಗಿ ನಿಂತು, ಒತ್ತಿದಾಗ ಮಾತ್ರ ರಿವರ್ಸ್‌ನಲ್ಲೂ ಮುಂದಕ್ಕೇ ಹೋಗುತ್ತಿದ್ದರೆ ಕೇಬಲ್ ಬಿಟ್ಟು ಗೇರ್ ಹಿಡಿಯ ಸರಳು ನೋಡಿ. ಅದರ ಅಳತೆ ತಪ್ಪಿದ್ದರೆ ಚಕ್ರ ನಡುವನ್ನು ದಾಟುವುದೇ ಇಲ್ಲ. ಇದಕ್ಕೆ ಯಂತ್ರವನ್ನು ಮುಂದಕ್ಕೆ ಬಗ್ಗಿಸಿ ತಳದ ತಗಡು ಬಿಚ್ಚಬೇಕಾಗಬಹುದು. ಮೊದಲು ಪೆಟ್ರೋಲ್ ಖಾಲಿ ಮಾಡಿ. ಒಳಗೆ ಗ್ರೀಸ್ ಹಚ್ಚುವಾಗ ರಬ್ಬರಿಗೂ ತಟ್ಟೆಗೂ ತಾಗದಂತೆ ನೋಡಿಕೊಳ್ಳಿ.

ಹೈಡ್ರೋಸ್ಟಾಟಿಕ್ (ಎಣ್ಣೆಯ ಒತ್ತಡದಿಂದ ಗಾಲಿ ತಿರುಗಿಸುವ) ಮಾಡೆಲ್‌ಗಳು ಇದಕ್ಕಿಂತ ನಯ, ನಿಜ. ಆದರೆ ಬೆಲೆಯೂ ಜಾಸ್ತಿ, ಮನೆಯಲ್ಲಿ ಬಿಚ್ಚಿ ನೋಡುವಂಥದ್ದೂ ಅಲ್ಲ. ಒಂದು ಸ್ಪ್ಯಾನರಲ್ಲಿ ಸರಿಹೋಗುವ ಯಂತ್ರವೇ ನನಗೆ ಇಷ್ಟ.

5ಕ್ಕೆ 4 ಸ್ಟಾರ್. ಒಂದು ಸ್ಟಾರ್ ಕಳೆದಿದ್ದು ಚ್ಯೂಟ್ (ಹಿಮ ಹೊರಚೆಲ್ಲುವ ಕೊಳವೆ) ತಿರುಗಿಸುವ ಹಿಡಿಗೆ. ಒದ್ದೆ ಹಿಮದ ಮರುದಿನ ಅದು ಹೆಪ್ಪುಗಟ್ಟಿ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಸಿಲಿಕೋನ್ ಸ್ಪ್ರೇ ಹೊಡೆದು ನೋಡಿದೆ, ಪರವಾಗಿಲ್ಲ ಅನ್ನುವಷ್ಟು ಫಲ ಇದೆ.