16 ಜಿಬಿ ರ‍್ಯಾಮ್ ಕಿಟ್: ಮೂರು ವರ್ಷ ಬಳಸಿದ ಮೇಲೆ ‘ಕ’ ಹೋಗಿ ‘ಗ’ ಆಯಿತು

ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲೇ ಕೂತು ಕನ್ನಡ ಪುಸ್ತಕಗಳ ಪುಟ ಜೋಡಿಸುವುದು ನನ್ನ ಕೆಲಸ. ಮೂರು ವರ್ಷದ ಹಿಂದೆ ₹5,600 ಕೊಟ್ಟು ಈ ಕಿಟ್ ತಗೊಂಡೆ. ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ತೆರೆದ ಫೈಲನ್ನು ಕಂಪ್ಯೂಟರ್ ಹಿಡಿದಿಟ್ಟುಕೊಳ್ಳುವ ಮೆಮೊರಿ. ಡಿಡಿಆರ್4 ಅನ್ನುವ ಬಗೆಯದು, 8 ಜಿಬಿಯ ಎರಡು ಸ್ಟಿಕ್. ಸ್ಪೀಡು, ಟೈಮಿಂಗ್ ಎಲ್ಲ ಡಬ್ಬಿಯ ಮೇಲೇ ಇದೆ, ಬಿಡಿ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ ಒಲೆಯ ಮೇಲೆ ಹಾಲಿಡುತ್ತೇನೆ. ಹಾಲು ಉಕ್ಕುವ ಮೊದಲೇ ನಿನ್ನೆ ನಿಲ್ಲಿಸಿದ ಪುಟ ತೆರೆದಿರುತ್ತಿತ್ತು. ಮೂರು ವರ್ಷ ಒಂದು ದಿನವೂ ಇದು ತಪ್ಪಲಿಲ್ಲ. ಇಬ್ಬರು ಗೆಳೆಯರಿಗೂ ಇದನ್ನೇ ತಗೊಳ್ಳಿ ಅಂತ ಹೇಳಿದ್ದೆ.

ಈ ಜೂನ್‌ನಲ್ಲಿ ಮಳೆ ಹಿಡಿದ ವಾರ ವಿಂಡೋಸ್ ಇದ್ದಕ್ಕಿದ್ದಂತೆ ಕೆಟ್ಟು ನಿಂತಾಗ ಬರುವ ನೀಲಿ ಪರದೆ ಶುರುವಾಯಿತು. ಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೊಂದು, ಪ್ರತಿ ಸಲ ಬೇರೆ ಎರರ್. ವಿಂಡೋಸ್ ಮತ್ತೆ ಹಾಕಿದೆ. ಪಕ್ಕದ ಬಿಲ್ಡಿಂಗಿನ ರಿಪೇರಿ ಹುಡುಗ ಸ್ಟಿಕ್‌ಗಳನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಹಾಕಿಕೊಟ್ಟ. ಇಲ್ಲಿನ ತೇವಕ್ಕೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ನನ್ನದು ನಾಲ್ಕು ದಿನ ಸುಮ್ಮನಿತ್ತು.

ನಿಜವಾಗಿ ಹೆದರಿದ್ದು ಒಂದು ಅಕ್ಷರ ನೋಡಿ. ಹಿರಿಯರೊಬ್ಬರು ಬರೆದ ತಮ್ಮ ಬದುಕಿನ ಕಥೆ, 212 ಪುಟ. ಎರಡು ಸಲ ಕರಡು ತಿದ್ದಿ ಮುಗಿದಿತ್ತು. ಅದರಲ್ಲಿ ‘ಅಂದು ಕಂಡ ಮಳೆ’ ಅಂತ ಇದ್ದದ್ದು ‘ಅಂದು ಗಂಡ ಮಳೆ’ ಆಗಿತ್ತು. ಆ ಪುಟವನ್ನು ಯಾರೂ ಮುಟ್ಟಿರಲಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ‘ಕ’ ಅಂದರೆ 0ಸಿ95, ‘ಗ’ ಅಂದರೆ 0ಸಿ97. ನಡುವೆ ಇರುವುದು ಒಂದೇ ಒಂದು ಬಿಟ್ ವ್ಯತ್ಯಾಸ. ಬಿಟ್ ಅಂದರೆ ಸೊನ್ನೆ ಇಲ್ಲವೇ ಒಂದು ಕೂರುವ ಒಂದು ಜಾಗ. ರ‍್ಯಾಮ್‌ನ ಒಂದು ಜಾಗ ಸೊನ್ನೆಯನ್ನು ಒಂದು ಅಂತ ಹಿಡಿದುಕೊಂಡರೆ ಅಕ್ಷರವೇ ಬದಲಾಗುತ್ತದೆ. ‘ಗಂಡ’ ಸರಿಯಾದ ಪದವೇ ಅಲ್ವಾ, ಹಾಗಾಗಿ ಸ್ಪೆಲ್‌ಚೆಕ್ ಕೂಡ ಹಿಡಿಯುವುದಿಲ್ಲ. ಸರ್ವರ್‌ಗಳಲ್ಲಿ ಹಾಕುವ ಇಸಿಸಿ ರ‍್ಯಾಮ್ ಇಂಥ ಒಂದು ಬಿಟ್‌ನ ತಪ್ಪನ್ನು ತಾನೇ ಸರಿಪಡಿಸುತ್ತದೆ. ನಮ್ಮ ಮನೆಯ ರ‍್ಯಾಮ್‌ಗೆ ಆ ಶಕ್ತಿ ಇಲ್ಲ. ತಪ್ಪೇ ಸೇವ್ ಆಗುತ್ತದೆ, ಬ್ಯಾಕಪ್‌ಗೂ ಅದೇ ಹೋಗುತ್ತದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಿಂಡೋಸ್‌ನ ಮೆಮೊರಿ ಪರೀಕ್ಷೆ ತೊಂದರೆ ಇಲ್ಲ ಅಂದಿತು. ಅದೊಂದನ್ನೇ ನಂಬಬೇಡಿ. ಪೆನ್‌ಡ್ರೈವ್‌ನಿಂದ ಓಡುವ ಮೆಮ್‌ಟೆಸ್ಟ್ 86 ಪ್ಲಸ್ ಉಚಿತವಾಗಿ ಸಿಗುತ್ತದೆ. ರಾತ್ರಿ ಹಚ್ಚಿಟ್ಟೆ, ಬೆಳಿಗ್ಗೆ ಪರದೆ ತುಂಬ ಎರರ್ ತೋರಿಸುವ ಕೆಂಪು ಸಾಲು. “ಅಂಕಲ್, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ. ಆಮೇಲೆ ಒಂದೊಂದೇ ಸ್ಟಿಕ್ ಹಾಕಿ ನೋಡಿ” ಅಂದ ಹುಡುಗ. ಬಯೋಸ್ ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಕಂಪ್ಯೂಟರಿನ ಸೆಟ್ಟಿಂಗ್ ಪುಟ, ಎಕ್ಸ್‌ಎಂಪಿ ಅಂದರೆ ಅದರಲ್ಲಿ ರ‍್ಯಾಮ್‌ನ ವೇಗ ಜಾಸ್ತಿ ಮಾಡುವ ಸೆಟ್ಟಿಂಗ್. ಎಕ್ಸ್‌ಎಂಪಿ ತೆಗೆದರೆ ರ‍್ಯಾಮ್ ತನ್ನ ಮಾಮೂಲಿ ವೇಗಕ್ಕೆ ಇಳಿಯುತ್ತದೆ. ಆಗಲೂ ಎರರ್ ಬಂದರೆ ವೇಗ ಜಾಸ್ತಿ ಮಾಡಿದ್ದೇ ಕಾರಣ ಅಂತ ಕಂಪನಿ ಹೇಳುವಂತಿಲ್ಲ. ಒಂದು ಸ್ಟಿಕ್ ರಾತ್ರಿಯಿಡೀ ಓಡಿದರೂ ಒಂದು ಎರರ್ ಇಲ್ಲ. ಇನ್ನೊಂದು ಹತ್ತೇ ನಿಮಿಷಕ್ಕೆ ಕೆಂಪು. ಸ್ಲಾಟ್ ಬದಲಿಸಿದರೂ ಕೆಂಪೇ. ಅಂದರೆ ಮದರ್‌ಬೋರ್ಡಿನ ದೋಷವಲ್ಲ.

ಕೋಪ ಬಂದದ್ದು ವಾರಂಟಿ ಕೇಳಿದಾಗ. ಮೂರು ದಿನ ಬಿಟ್ಟು ಉತ್ತರ ಬಂತು: ವಿಂಡೋಸ್ ಮತ್ತೆ ಹಾಕಿ ನೋಡಿ. ಮೆಮ್‌ಟೆಸ್ಟ್ ಫೋಟೋ ಕಳಿಸಿದೆ. ಆಗ ಒಪ್ಪಿದರು, ಆದರೆ ಎರಡೂ ಸ್ಟಿಕ್ ಕೊಡಬೇಕಂತೆ. ಜೋಡಿಯಾಗಿ ಪರೀಕ್ಷಿಸಿ ಮಾರುವುದರಿಂದ ಜೋಡಿಯಾಗಿಯೇ ಬದಲಿಸುತ್ತಾರೆ. ಕಾರಣ ಅರ್ಥವಾಗುತ್ತದೆ, ಆದರೆ ಕೆಲಸ ನಿಂತರೆ ನನ್ನ ಮನೆ ನಡೆಯುವುದು ಹೇಗೆ? ಡಬ್ಬಿಯ ಮೇಲೆ ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು.

ದಾದರ್‌ನಲ್ಲಿ ಇಳಿದು, ಸ್ಲೋ ಲೋಕಲ್ ಹಿಡಿದು ಗ್ರಾಂಟ್ ರೋಡ್‌ಗೆ ಹೋದೆ. ಸರ್ವಿಸ್ ಕೌಂಟರ್ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್ ಹತ್ತಿರವೇ. ಬಿಲ್ಲು ಜೋಪಾನವಾಗಿತ್ತು, ಸ್ಟಿಕ್ ಮೇಲಿನ ಸ್ಟಿಕ್ಕರ್ ಕಿತ್ತಿರಲಿಲ್ಲ. ಕೌಂಟರಿನ ಹೆಂಗಸು ಸೀರಿಯಲ್ ನಂಬರ್ ತಾಳೆ ನೋಡಿ ಐದು ನಿಮಿಷದಲ್ಲಿ ರಸೀದಿ ಕೊಟ್ಟರು. “ಫೈಲ್‌ಗಳನ್ನು ಒಮ್ಮೆ ನೋಡ್ಕೊಳ್ಳಿ” ಅಂತ ಹಿಂದಿಯಲ್ಲಿ ಹೇಳಿದರು. ಅಷ್ಟು ದಿನದಲ್ಲಿ ನನ್ನ ಫೈಲುಗಳ ಬಗ್ಗೆ ಯೋಚಿಸಿದ ಮೊದಲ ವ್ಯಕ್ತಿ ಅವರೇ. ಅರ್ಧ ಕೋಪ ಅಲ್ಲೇ ಇಳಿಯಿತು. ಅದೇ ರಸ್ತೆಯಲ್ಲಿ ₹900ಕ್ಕೆ ಹಳೆಯ 8 ಜಿಬಿ ಸ್ಟಿಕ್ ಕೊಂಡು 17 ದಿನ ದೂಡಿದೆ.

ಹೊಸ ಜೋಡಿ ಬಂತು, ದುಡ್ಡು ಏನೂ ಕೇಳಲಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಇದನ್ನೂ ಒಂದು ರಾತ್ರಿ ಮೆಮ್‌ಟೆಸ್ಟ್‌ಗೆ ಹಚ್ಚಿ, ಎರರ್ ಇಲ್ಲ ಅಂತ ನೋಡಿಯೇ ಫೈಲ್ ತೆರೆದೆ. ಪೆನ್‌ಡ್ರೈವ್‌ನಲ್ಲಿ ಮೇ ತಿಂಗಳ ಪ್ರತಿಯೊಂದು ಉಳಿದಿತ್ತು. ಅದರ ಜೊತೆ ಹೋಲಿಸಿ 212 ಪುಟವನ್ನೂ ಓದಿದೆ. ಇನ್ನೂ ಎರಡು ಸಿಕ್ಕವು. ಒಂದು ಕಡೆ ‘ತಡ’ ಇದ್ದದ್ದು ‘ದಡ’, ಇನ್ನೊಂದು ಕಡೆ ‘ಕಾರು’ ಇದ್ದದ್ದು ‘ಕಾಲು’. ಸಂಖ್ಯೆ ಬರೆದು ನೋಡಿದೆ. ಮೂರು ಕಡೆಯೂ ಕೆಟ್ಟದ್ದು ಅದೇ ಬಿಟ್.